ಮೊದಲು ಕಿವಿಮೆತ್ತೆ, ಆಮೇಲೆ ಆಂಪ್ಲಿಫೈಯರ್

ಕಿವಿಬಟ್ಟಲುಗಳ ಹಿಂಬದಿ ಮುಚ್ಚಿದ ಹೆಡ್‌ಫೋನ್ ಕೊಳ್ಳುವಾಗ ಧ್ವನಿಗಿಂತ ಮೊದಲು ಕಿವಿಮೆತ್ತೆಯನ್ನು ಪರೀಕ್ಷಿಸಬೇಕು, ಏಕೆಂದರೆ ಸಾಮಾನ್ಯವಾಗಿ ಮೊದಲು ಸವೆಯುವುದು ಅದೇ. ಕೃತಕ ಚರ್ಮದ ಮೆತ್ತೆಯು ಬೆವರಿಗೆ ಸಿಕ್ಕಿ ಕೆಲವು ವರ್ಷಗಳಲ್ಲಿ ಕಪ್ಪು ಚೂರುಗಳಾಗಿ ಉದುರಿ ಕಿವಿಯ ಸುತ್ತ ಅಂಟಿಕೊಳ್ಳುತ್ತದೆ; ಆದ್ದರಿಂದ ಮೆತ್ತೆಯನ್ನು ಬಿಚ್ಚಿ ಬದಲಿಸಲು ಬರುವ, ಬಿಡಿಭಾಗಗಳು ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿಕೊಳ್ಳಿ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನಿನ 80 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಆವೃತ್ತಿಗೆ ಮಖಮಲ್ ಮೆತ್ತೆಯಿದ್ದು, ಸೆಖೆಯಲ್ಲೂ ಅದು ಹಿತವೆನಿಸುತ್ತದೆ. ಆದರೆ 3 ಮೀಟರ್ ಉದ್ದದ ಅದರ ಕೇಬಲ್ ಬಿಚ್ಚಲು ಬರುವಂಥದ್ದಲ್ಲ, ಬಸ್ಸಿನಲ್ಲಿ ಅದೊಂದು ರಗಳೆಯೇ ಸರಿ. ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್‌ನ ಕೇಬಲ್ ಬಿಚ್ಚಬಹುದು.

ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ಇಪ್ಪತ್ತು ನಿಮಿಷವಾದರೂ ಹಾಕಿಕೊಂಡು ನೋಡಬೇಕು, ಏಕೆಂದರೆ ಅದರ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದರೆ ಸಂದಿಯಿಂದ ಮಂದ್ರ ಸ್ವರಗಳು ಸೋರಿಹೋಗುತ್ತವೆ.

ಧ್ವನಿಯ ಸಂಕೇತಕ್ಕೆ ಬಲ ತುಂಬುವ ಆಂಪ್ಲಿಫೈಯರ್ ಎಲ್ಲರಿಗೂ ಬೇಕಿಲ್ಲ. 38 ಓಮ್‌ನ ಎಂ50ಎಕ್ಸ್‌ಗೆ ಫೋನೇ ಸಾಕು. ಡಿಟಿ 770 ಪ್ರೊದ 250 ಓಮ್ ಆವೃತ್ತಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಆಂಪ್ಲಿಫೈಯರ್ ಇದ್ದರೆ ಒಳ್ಳೆಯದು. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ (ಹೊರಬರುವ ತುದಿಯಲ್ಲಿನ ತಡೆ, ಇದೂ ಓಮ್‌ಗಳಲ್ಲೇ) ಹೆಡ್‌ಫೋನಿನದರ ಎಂಟನೇ ಒಂದು ಭಾಗವನ್ನು ಮೀರದಿರುವುದು ಒಳ್ಳೆಯದು. ಅಂಗಡಿಯಲ್ಲಿ ಹಾಡನ್ನು ನಿಲ್ಲಿಸಿ ವಾಲ್ಯೂಮ್ ಏರಿಸಿ ನೋಡಿ: ಸುಯ್ಯೆನ್ನುವ ಸದ್ದು ಕೇಳಿದರೆ ಆ ಆಂಪ್ಲಿಫೈಯರನ್ನು ಅಲ್ಲೇ ಬಿಟ್ಟುಬನ್ನಿ, ಹಾಡು ಮತ್ತೆ ಹಾಕುವ ಮುನ್ನ ವಾಲ್ಯೂಮ್ ಇಳಿಸಲು ಮರೆಯಬೇಡಿ.