ನಿಮ್ಮ ಬೀದಿಯ ಹಿಮ ತೆಗೆಸುವುದು ಹೇಗೆ

ದೊಡ್ಡ ಹಿಮಪಾತ ಆಗಿ ನಾಲ್ಕನೇ ದಿನ. ಎದುರು ಮನೆಯ ಅಜ್ಜಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರೆದುಕೊಂಡು ಹೋಗುವ ವ್ಯಾನ್ ನಮ್ಮ ಬೀದಿಯ ತಿರುವಿನ ತನಕ ಬಂತು. ಅಲ್ಲಿಂದ ಮುಂದೆ ಬರಲು ಆಗಲಿಲ್ಲ. ನಾನು ಮತ್ತು ಅಕ್ಕಪಕ್ಕದ ಇಬ್ಬರು ಸಲಿಕೆ ಹಿಡಿದು ಒಬ್ಬರು ನಡೆಯುವಷ್ಟು ದಾರಿ ಮಾಡಿದೆವು. ಅಜ್ಜಿಯನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದೆವು. ಇನ್ನೂರು ಅಡಿ ದೂರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅದೇ ಹೊತ್ತಿಗೆ ಎರಡು ಬೀದಿ ಆಚೆಯ ಮುಖ್ಯರಸ್ತೆಯಲ್ಲಿ ಡಾಂಬರು ಒಣಗಿ ಕಪ್ಪಗೆ ಕಾಣುತ್ತಿತ್ತು.

ಆ ದಿನ ಸಿಟ್ಟಿನಲ್ಲಿ ನಗರಸಭೆಗೆ ಹನ್ನೊಂದು ಸಲ ಫೋನ್ ಮಾಡಿದೆ. ಏನೂ ಆಗಲಿಲ್ಲ. ಆಮೇಲಿನ ಎರಡು ಚಳಿಗಾಲದಲ್ಲಿ ಏನು ಮಾಡಿದರೆ ಕೆಲಸ ಆಗುತ್ತದೆ ಎಂದು ಒಂದೊಂದಾಗಿ ಗೊತ್ತಾಯಿತು. ಅದನ್ನೇ ಬರೆಯುತ್ತಿದ್ದೇನೆ. ಅಮೆರಿಕದ ಹಿಮದ ಊರುಗಳಿಗೆ ಬಂದ ನಮ್ಮವರು ಸಲಿಕೆ ಹಿಡಿಯುವುದನ್ನು ಬೇಗ ಕಲಿಯುತ್ತಾರೆ. ನಗರಸಭೆಯವರನ್ನು ಕೇಳಲು ಮಾತ್ರ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ತೆರಿಗೆ ನೀವೂ ಕಟ್ಟುತ್ತೀರಿ ಅಲ್ವಾ?

ಮೊದಲು ಸರದಿ ಪಟ್ಟಿ ಹುಡುಕಿ

"ನಮ್ಮ ಬೀದಿಗೆ ಪ್ಲೌ ಗಾಡಿ ಯಾಕೆ ಬರಲಿಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ಪ್ಲೌ ಎಂದರೆ ಹಿಮವನ್ನು ರಸ್ತೆಯ ಬದಿಗೆ ಒತ್ತುವ ಗಾಡಿ. ಅದಕ್ಕೆ ಉತ್ತರ ಡ್ರೈವರ್ ಹತ್ತಿರ ಇಲ್ಲ. ಹಿಮ ಬೀಳುವ ನಗರಗಳಲ್ಲಿ ಸಾಮಾನ್ಯವಾಗಿ ಒಂದು ಸರದಿ ಇರುತ್ತದೆ. ಮೊದಲು ದೊಡ್ಡ ರಸ್ತೆಗಳು, ಬಸ್ ಓಡುವ ರಸ್ತೆಗಳು, ಆಸ್ಪತ್ರೆ ಮತ್ತು ಅಗ್ನಿಶಾಮಕ ಠಾಣೆಯ ದಾರಿ. ಆಮೇಲೆ ಅವನ್ನು ಕೂಡಿಸುವ ರಸ್ತೆಗಳು. ಕೊನೆಗೆ ಮನೆಗಳಿರುವ ಸಣ್ಣ ಬೀದಿಗಳು. ಮುಂದೆ ದಾರಿ ಇಲ್ಲದ ಬೀದಿ ಆದರೆ ಕೊನೆಯಲ್ಲೂ ಕೊನೆ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಅದು ನನಗೆ ತಡವಾಗಿ ತಿಳಿಯಿತು. ಮೊದಲ ದರ್ಜೆಯ ರಸ್ತೆ ಮುಗಿದು ನಿಮ್ಮ ಸರದಿ ಬರುವ ಹೊತ್ತಿಗೆ ಮತ್ತೆ ಹಿಮ ಬಿದ್ದರೆ, ಗಾಡಿ ನಿಮ್ಮ ಕಡೆ ಬರುವುದಿಲ್ಲ. ಮತ್ತೆ ಮೊದಲ ದರ್ಜೆಗೇ ಹೋಗುತ್ತದೆ. ಎರಡು ದಿನ ಆಗಾಗ ಹಿಮ ಬೀಳುತ್ತಲೇ ಇದ್ದರೆ ಸಣ್ಣ ಬೀದಿಗೆ ಎರಡು ದಿನವೂ ಗಾಡಿ ಇಲ್ಲ. ಯಾರೂ ನಿಮ್ಮನ್ನು ಮರೆತಿಲ್ಲ. ಪಟ್ಟಿಯೇ ಹಾಗಿದೆ. ಆದ್ದರಿಂದ ಒಂದು ಗಾಡಿಗಾಗಿ ಜಗಳ ಆಡಿ ಸುಮ್ನೆ ಸುಸ್ತಾಗಬೇಡಿ. ಪಟ್ಟಿಗಾಗಿ ಜಗಳ ಆಡಿ.

ಪಟ್ಟಿ ಬಹಳ ಕಡೆ ನಗರಸಭೆಯ ವೆಬ್‌ಸೈಟಿನಲ್ಲೇ ನಕ್ಷೆಯಾಗಿ ಸಿಗುತ್ತದೆ. ಸಿಗದಿದ್ದರೆ ಬರಹದಲ್ಲಿ ಕೇಳಿ. ನಮ್ಮ ಬೀದಿ ಯಾವ ದರ್ಜೆ? ಹಿಮ ನಿಂತ ಎಷ್ಟು ಗಂಟೆಯ ಒಳಗೆ ತೆರವು ಮಾಡಬೇಕು ಎಂದಿದೆ? ಮಾಡುವವರು ಯಾರು, ನಗರಸಭೆಯವರೋ, ಗುತ್ತಿಗೆದಾರರೋ, ಕೌಂಟಿಯೋ (ನಮ್ಮ ಜಿಲ್ಲೆಯ ಹಾಗೆ), ರಾಜ್ಯವೋ? ಮೂರನೆಯ ಪ್ರಶ್ನೆಯನ್ನು ಬಿಡಲೇಬೇಡಿ. ನಮ್ಮ ಬೀದಿ ನಗರಸಭೆಯದು, ಅದು ಹೋಗಿ ಸೇರುವ ರಸ್ತೆ ರಾಜ್ಯದ ಸಾರಿಗೆ ಇಲಾಖೆಯದು. ಇಲಾಖೆಯ ಗಾಡಿ ರಸ್ತೆಯ ಹಿಮವನ್ನೆಲ್ಲ ನಮ್ಮ ಬೀದಿಯ ಬಾಯಿಗೆ ಒತ್ತಿ ಹೋಗುತ್ತದೆ. "ಅದು ನಮ್ಮ ಹಿಮ ಅಲ್ಲ" ಎಂದು ಎರಡು ಕಡೆಯವರೂ ಹೇಳಿದರು. ಕೊನೆಗೆ ಇಬ್ಬರನ್ನೂ ಒಂದೇ ಇಮೇಲಿನಲ್ಲಿ ಹಾಕಿ ಕೇಳಿದ ಮೇಲೆಯೇ ನಗರಸಭೆ ಒಪ್ಪಿಕೊಂಡಿತು.

ಅವರ ಮಾತಿನಲ್ಲಿ ಪ್ಲೌ ಮಾಡುವುದು ಬೇರೆ, ಹಿಮ ತೆಗೆಯುವುದು ಬೇರೆ. ಪ್ಲೌ ಹಿಮವನ್ನು ಬದಿಗೆ ಒತ್ತುತ್ತದೆ, ಅಷ್ಟೇ. ಬದಿಯಲ್ಲಿ ಹೊಲದ ಬದುವಿನ ಹಾಗೆ ಉದ್ದಕ್ಕೂ ಒಂದು ಸಾಲು ನಿಲ್ಲುತ್ತದೆ. ಹೊಸದಾಗಿ ಬಿದ್ದ ಹಿಮ ಹತ್ತಿಯಷ್ಟು ಹಗುರ. ಒತ್ತಿದ ಹಿಮ ಒಂದು ರಾತ್ರಿ ಕಳೆದರೆ ಕಲ್ಲು. ಆ ಬದು ಬಸ್ ನಿಲ್ದಾಣದ ಮುಂದೆ, ಗಾಲಿಕುರ್ಚಿ ಇಳಿಯುವ ಇಳಿಜಾರಿನ ಮುಂದೆ ನಿಂತರೆ ರಸ್ತೆ ಎಷ್ಟು ಸ್ವಚ್ಛ ಇದ್ದರೂ ನಡೆಯುವವರಿಗೆ ಉಪಯೋಗವಿಲ್ಲ. ಹಿಮ ತೆಗೆಯುವುದು ಎಂದರೆ ಲೋಡರಿನಿಂದ ಎತ್ತಿ, ಲಾರಿಗೆ ತುಂಬಿ, ಬೇರೆ ಜಾಗಕ್ಕೆ ಸುರಿಯುವುದು. ಅದಕ್ಕೆ ಖರ್ಚು ಜಾಸ್ತಿ. ಎಲ್ಲ ಕಡೆ ಮಾಡುವುದಿಲ್ಲ. "ಪ್ಲೌ ಆಗಿದೆ" ಎಂದು ಅವರು ಹೇಳಿದರೆ ಸುಳ್ಳು ಎನ್ನಬೇಡಿ. "ಮೂಲೆಯ ಬದು ತೆಗೆಯಿರಿ" ಎಂದು ಕೇಳಿ. ಸರಿಯಾದ ಮಾತು ಬಳಸಿದರೆ ಫೋನಿನ ಆ ಕಡೆಯವರ ದನಿಯೇ ಬದಲಾಗುತ್ತದೆ.

ಉಪ್ಪಿನ ವಿಷಯವೂ ಹಾಗೆಯೇ. ಸಾದಾ ಉಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. "ಈ ಚಳಿಗೆ ಉಪ್ಪು ಹಿಡಿಯಲ್ಲ" ಎನ್ನುವುದು ನೆಪ ಅಲ್ಲ, ನಿಜ. ಆಗ ಮರಳು ಹಾಕಿದ್ದೀರಾ ಎಂದು ಕೇಳಬೇಕು. ಮರಳು ಹಿಮ ಕರಗಿಸದು, ಆದರೆ ಟೈರಿಗೂ ಕಾಲಿಗೂ ಹಿಡಿತ ಕೊಡುತ್ತದೆ. ಹಾಗಂತ ಎಲ್ಲ ಕಡೆ ಉಪ್ಪು ಸುರಿಯಿರಿ ಎಂದು ಒತ್ತಾಯಿಸುವುದೂ ಸರಿಯಲ್ಲ. ಆ ಉಪ್ಪು ಕೊನೆಗೆ ಕೆರೆ, ಹೊಳೆ ಸೇರುತ್ತದೆ. ಸಿಯಾಟಲ್ ನಗರ ಇದೇ ಕಾಳಜಿಯಿಂದ 2008ರ ಡಿಸೆಂಬರ್ ಹಿಮಪಾತದಲ್ಲಿ ರಸ್ತೆಗೆ ಉಪ್ಪು ಹಾಕಲಿಲ್ಲ. ರಸ್ತೆಗಳಲ್ಲಿ ಹಿಮ ಗಟ್ಟಿಯಾಗಿ ಕೂತಿತು. ಜನ ಸಿಟ್ಟಾದರು, ನಗರ ನೀತಿ ಬದಲಿಸಿತು.

ಬರೆದಿಡಿ

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ: "ಮಂಗಳವಾರ, ಬೆಳಿಗ್ಗೆ 6:10. ಹಿಮ ನಿಂತಿದೆ. ಹೈಡ್ರಂಟಿನ ಟೋಪಿ ಮಾತ್ರ ಕಾಣುತ್ತಿದೆ. ಬುಧವಾರ, ಸಂಜೆ 5:30. ಅದೇ ಹೈಡ್ರಂಟ್, ಅದೇ ಟೋಪಿ. ಬೀದಿಯಲ್ಲಿ ಒಂದೇ ಒಂದು ಟೈರ್ ಗುರುತು, ಅದೂ ಅರ್ಧಕ್ಕೆ ನಿಂತಿದೆ." ಹೈಡ್ರಂಟ್ ಎಂದರೆ ಬೆಂಕಿ ಆರಿಸಲು ಬೀದಿ ಬದಿಯಲ್ಲಿ ಇಟ್ಟಿರುವ ನೀರಿನ ನಲ್ಲಿ. ಫೋಟೊ ತೆಗೆಯುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಅದರಲ್ಲಿ ಕದಲದ ವಸ್ತು ಒಂದಿರಲಿ. ಹೈಡ್ರಂಟ್ ಆಗಬಹುದು, ಬೀದಿಯ ಹೆಸರಿನ ಫಲಕ ಆಗಬಹುದು. ಹಿಮ ಯಾವಾಗ ನಿಂತಿತು ಎನ್ನುವುದನ್ನು ರಾಷ್ಟ್ರೀಯ ಹವಾಮಾನ ಸೇವೆಯ ದಾಖಲೆಯಿಂದ ಬರೆದುಕೊಳ್ಳಿ. ಗಡುವು ಲೆಕ್ಕ ಹಾಕುವುದು ಅಲ್ಲಿಂದಲೇ.

ಅಮೆರಿಕದ ಅನೇಕ ನಗರಗಳಲ್ಲಿ ದೂರು ಕೊಡುವ ಸಂಖ್ಯೆ 311. ಒಂದು ಜಾಗಕ್ಕೆ ಒಂದು ದೂರು. "ನಮ್ಮ ಏರಿಯಾ ಪೂರ್ತಿ ಹೀಗೇ" ಎಂದರೆ ಅದು ಯಾವ ಗಾಡಿಯ ಪಾಲಿಗೂ ಬರುವುದಿಲ್ಲ. ಮನೆ ನಂಬರ್ ಹೇಳಿ, ಯಾವ ಬೀದಿಯಿಂದ ಯಾವ ಬೀದಿಯ ನಡುವೆ ಎಂದು ಹೇಳಿ. ದೂರಿನ ಸಂಖ್ಯೆ ತೆಗೆದುಕೊಳ್ಳದೆ ಫೋನ್ ಇಡಬೇಡಿ. ನಾನು ಒಬ್ಬನೇ ಹನ್ನೊಂದು ಸಲ ಮಾಡಿದ್ದಕ್ಕೆ ಸಿಕ್ಕಿದ್ದು ಒಂದೇ ದೂರು ಸಂಖ್ಯೆ. ಮರುವರ್ಷ ಹನ್ನೊಂದು ಮನೆಯವರು ಒಂದೊಂದು ಸಲ ಮಾಡಿದೆವು. ಹನ್ನೊಂದು ಸಂಖ್ಯೆ ಸಿಕ್ಕವು. ತುರ್ತು ಸಂಖ್ಯೆ 911ಕ್ಕೆ ಮಾತ್ರ ಬೀದಿಯ ಹಿಮ ತೆಗೆಸಲು ಫೋನ್ ಮಾಡಬೇಡಿ. 2010ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 50 ಸೆಂಟಿಮೀಟರ್ ಹಿಮ ಬಿದ್ದಾಗ ಆಂಬುಲೆನ್ಸ್‌ಗಳೇ ಸಿಕ್ಕಿಹಾಕಿಕೊಂಡವು, ತುರ್ತು ಕರೆಗಳು ರಾಶಿ ಬಿದ್ದವು. ಆ ಸಾಲಿನಲ್ಲಿ ನಿಜವಾಗಿ ಉಸಿರು ಸಿಕ್ಕಿಕೊಂಡವರು ಇರುತ್ತಾರೆ.

ದೂರು ಕೊಡುವ ಮೊದಲು ನಮ್ಮ ಪಾಲಿನ ಕೆಲಸ ಮುಗಿದಿರಬೇಕು. ಬಹುತೇಕ ನಗರಗಳಲ್ಲಿ ಮನೆ ಮುಂದಿನ ಕಾಲುದಾರಿ ಮನೆಯವರ ಜವಾಬ್ದಾರಿ. ಹಿಮದ ತುರ್ತು ಘೋಷಣೆ ಆದಾಗ ಕಾರನ್ನು ಹೇಳಿದ ಬದಿಯಿಂದ ತೆಗೆಯಲೇಬೇಕು. ನಮ್ಮ ಬೀದಿಯಲ್ಲಿ ಎರಡೂ ಬದಿ ಕಾರು ನಿಂತಿದ್ದವು. ನಡುವೆ ಪ್ಲೌ ಹಿಡಿಸುವಷ್ಟು ಜಾಗವೇ ಇರಲಿಲ್ಲ. ಮರುವರ್ಷ ಮನೆ ಮನೆಗೆ ಹೋಗಿ, ಹಿಮದ ಹಿಂದಿನ ರಾತ್ರಿ ಎಲ್ಲರೂ ಒಂದೇ ಬದಿಗೆ ನಿಲ್ಲಿಸೋಣ ಎಂದು ಮಾತಾಡಿಕೊಂಡೆವು. ಕಾರು ಇಲ್ಲದ ಎರಡು ಮನೆಯವರು ಹೈಡ್ರಂಟ್ ಬಿಡಿಸುವ ಕೆಲಸ ತೆಗೆದುಕೊಂಡರು.

ಮತ್ತೆ, ಡ್ರೈವರ್ ಜೊತೆ ಜಗಳ ಆಡಬೇಡಿ. ಅವರು ಹನ್ನೆರಡು ಗಂಟೆ ಪಾಳಿಯಲ್ಲಿ ನಿದ್ದೆಗಣ್ಣಲ್ಲಿ ಗಾಡಿ ಓಡಿಸುತ್ತಿರುತ್ತಾರೆ. ಸಲಿಕೆ ಅಡ್ಡ ಹಿಡಿದು ಗಾಡಿ ನಿಲ್ಲಿಸಿದವರನ್ನು ಕಂಡಿದ್ದೇನೆ. ಅದು ತಪ್ಪು, ಅಪಾಯ ಕೂಡ.

ಯಾರನ್ನು ಕೇಳಬೇಕು, ಯಾವಾಗ

ಹಿಮ ಇರುವಾಗ 311. ಹಿಮ ಕರಗಿದ ಮೇಲೆ ನಿಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರು. ಅವರು ನಿಮ್ಮ ಮಾತು ಕೇಳುತ್ತಾರಾ ಎಂಬ ಅನುಮಾನ ಇದ್ದರೆ ಈ ಹಳೆಯ ಕಥೆಗಳು ಗೊತ್ತಿರಲಿ.

1969ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 38 ಸೆಂಟಿಮೀಟರ್ ಹಿಮ ಬಿತ್ತು. ನಗರದ ನಡುವಿನ ಭಾಗವಾದ ಮ್ಯಾನ್‌ಹಟನ್ ಬೇಗ ತೆರವಾಯಿತು. ಅದೇ ನಗರದ ಇನ್ನೊಂದು ಭಾಗ ಕ್ವೀನ್ಸ್ ದಿನಗಟ್ಟಲೆ ಹಾಗೇ ಬಿದ್ದಿತ್ತು. ನಗರದಲ್ಲಿ 42 ಜನ ಸತ್ತರು. ಮೇಯರ್ ಜಾನ್ ಲಿಂಡ್ಸೆ ಕ್ವೀನ್ಸ್‌ಗೆ ಹೋದಾಗ ಅವರ ಕಾರೇ ಹಿಮದಲ್ಲಿ ಸಿಕ್ಕಿಕೊಂಡಿತು. ಜನ ಮುಖದ ಮೇಲೆ ಬೈದರು. ಆ ವರ್ಷ ಅವರ ಪಕ್ಷವೇ ಅವರಿಗೆ ಟಿಕೆಟ್ ಕೊಡಲಿಲ್ಲ. ಬೇರೆ ಪಕ್ಷದಿಂದ ನಿಂತು ಗೆದ್ದರು. ಷಿಕಾಗೋದಲ್ಲಿ 1979ರ ಜನವರಿಯಲ್ಲಿ ದೊಡ್ಡ ಹಿಮಪಾತ ಆಯಿತು. ರೈಲುಗಳು ಕಪ್ಪು ಜನ ಹೆಚ್ಚಾಗಿ ಇರುವ ಕಡೆಯ ನಿಲ್ದಾಣಗಳಲ್ಲಿ ನಿಲ್ಲದೆ ಹೋದವು. ಚಳಿಯಲ್ಲಿ ಕಾಯುತ್ತಿದ್ದವರ ಕಣ್ಣೆದುರೇ ರೈಲು ದಾಟಿ ಹೋಯಿತು. ಮುಂದಿನ ತಿಂಗಳು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮೇಯರ್ ಮೈಕಲ್ ಬಿಲಾಂಡಿಕ್ ಅವರನ್ನು ಜೇನ್ ಬರ್ನ್ ಸೋಲಿಸಿದರು. ಡೆನ್ವರಿನಲ್ಲಿ 1982ರ ಕ್ರಿಸ್‌ಮಸ್ ಹಿಂದಿನ ದಿನ ಬಂದ ಹಿಮ, 1968ರಿಂದ ಮೇಯರ್ ಆಗಿದ್ದ ವಿಲಿಯಂ ಮೆಕ್‌ನಿಕಲ್ಸ್ ಅವರನ್ನು ಮರುವರ್ಷದ ಸೋಲಿಗೆ ತಳ್ಳಿದ ಕಾರಣಗಳಲ್ಲಿ ಒಂದು.

ಕ್ವೀನ್ಸ್‌ನವರು, ಷಿಕಾಗೋದವರು ಹಿಮದ ಮೇಲೆ ಸಿಟ್ಟಾದದ್ದಲ್ಲ. ಯಾರ ಬೀದಿ ಮೊದಲು, ಯಾರ ನಿಲ್ದಾಣ ಬಿಟ್ಟಿರಿ ಎಂದು ಕೇಳಿದರು. ಕೌನ್ಸಿಲ್ ಸದಸ್ಯರಿಗೆ ಈ ಪ್ರಶ್ನೆಯ ತೂಕ ಗೊತ್ತು. ಅದಕ್ಕೇ ಸಿಟ್ಟಿನ ಪತ್ರಕ್ಕಿಂತ ಸರದಿಯ ಪ್ರಶ್ನೆ ಇರುವ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ಈಗ ಸಮಯದ ಮಾತು. ಉಪ್ಪು ಖರೀದಿ, ಗಾಡಿ ರಿಪೇರಿ, ಗುತ್ತಿಗೆ ಎಲ್ಲ ಚಳಿಗೆ ಎಷ್ಟೋ ಮೊದಲೇ ತೀರ್ಮಾನ ಆಗಿರುತ್ತದೆ. ಜನವರಿಯಲ್ಲಿ ಕೇಳಿದರೆ ಹೊಸ ಗಾಡಿ ಹುಟ್ಟುವುದಿಲ್ಲ. ಬಜೆಟ್ ಸಭೆ ಯಾವ ತಿಂಗಳು ಎಂದು ನಗರಸಭೆಯ ಕ್ಲರ್ಕ್ ಕಚೇರಿಯಲ್ಲಿ ಕೇಳಿ, ಅದಕ್ಕೆ ಎರಡು ತಿಂಗಳು ಮೊದಲೇ ಕೆಲಸ ಶುರು ಮಾಡಿ.

ಆಗ ಮಾಡಬೇಕಾದ ಮೊದಲ ಕೆಲಸ ದಾಖಲೆ ಕೇಳುವುದು. ಈಗ ಬಹಳ ಕಡೆ ಪ್ಲೌ ಗಾಡಿಗಳಲ್ಲಿ ಜಿಪಿಎಸ್ ಇರುತ್ತದೆ. ಷಿಕಾಗೋ 2012ರಿಂದ ಗಾಡಿಗಳು ಎಲ್ಲಿವೆ ಎಂದು ಜನರಿಗೇ ನಕ್ಷೆಯಲ್ಲಿ ತೋರಿಸುತ್ತಿದೆ. ನಿಮ್ಮಲ್ಲಿ ಹಾಗೆ ಇಲ್ಲದಿದ್ದರೆ, ಸಾರ್ವಜನಿಕ ದಾಖಲೆ ಕೇಳುವ ಕಾನೂನಿನ ಅಡಿಯಲ್ಲಿ ಅರ್ಜಿ ಹಾಕಿ. ಬೀದಿಯ ಹೆಸರು, ಎರಡು ತಾರೀಖು, "ಈ ನಡುವೆ ಇಲ್ಲಿಗೆ ಬಂದ ಗಾಡಿಗಳ ದಾಖಲೆ" ಎಂದು ಬರೆದರೆ ಸಾಕು. ನನಗೆ ಉತ್ತರ ಬರಲು ಐದು ವಾರ ಹಿಡಿಯಿತು. ಬಂದ ಹಾಳೆಯಲ್ಲಿ ನಮ್ಮ ಬೀದಿಯ ಮುಂದೆ "ಮುಗಿದಿದೆ" ಎಂದು ಇತ್ತು. ಬುಧವಾರ, ಮಧ್ಯಾಹ್ನ 3 ಗಂಟೆ. ನನ್ನ ಬುಧವಾರದ ಫೋಟೊದಲ್ಲಿ ಸಂಜೆ 5:30ಕ್ಕೆ ಹೈಡ್ರಂಟಿನ ಟೋಪಿ ಮಾತ್ರ ಕಾಣುತ್ತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಪುಟದಲ್ಲಿ ಪ್ರಿಂಟ್ ತೆಗೆದೆ. ನನ್ನ ಮಾತುಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಒಂದು ಪುಟ.

ಸಭೆಯಲ್ಲಿ ಮಾತಾಡುವುದು

ಕೌನ್ಸಿಲ್ ಸಭೆಯಲ್ಲಿ ಜನರಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ಹೆಸರು ಮೊದಲೇ ಬರೆಸಬೇಕು. ಇಂಗ್ಲಿಷ್ ಹೇಗಿದ್ದರೂ ಚಿಂತೆ ಬೇಡ, ಬರೆದುಕೊಂಡು ಹೋಗಿ ಓದಿ. ನಾನು ಓದಿಯೇ ಹೇಳಿದ್ದು.

ಒಂದೇ ಬೇಡಿಕೆ ಇಡಿ. ಅದೂ "ನಮ್ಮ ಬೀದಿ ಮೊದಲು ಮಾಡಿ" ಎಂದಲ್ಲ. ಹಾಗೆ ಕೇಳಿದರೆ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ಬೀದಿ ನೆನಪಾಗುತ್ತದೆ. ನಿಯಮ ಕೇಳಿ. ನಾನು ಓದಿದ್ದು ಇಷ್ಟು: "ನಮ್ಮ ಬೀದಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರು ಒಬ್ಬರಿದ್ದಾರೆ. ನಗರದಲ್ಲಿ ಇಂಥವರು ಇನ್ನೂ ಇದ್ದಾರೆ. ಚಿಕಿತ್ಸೆಯ ವ್ಯಾನ್ ಬರುವ ಮನೆಗಳು ನೋಂದಾಯಿಸಿಕೊಳ್ಳಲಿ. ಆ ಬೀದಿಗಳು ಎರಡನೇ ದರ್ಜೆಗೆ ಬರಲಿ. ಬಸ್ ನಿಲ್ದಾಣದ ಮುಂದಿನ ಬದು ತೆಗೆಯುವ ಕೆಲಸಕ್ಕೂ ಗಡುವು ಇರಲಿ." ಎರಡನೆಯದನ್ನು ಸೇರಿಸಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಸಭೆ ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿತು.

ಸರದಿ ಬದಲಿಸುವುದು ಹುಚ್ಚು ಬೇಡಿಕೆ ಏನಲ್ಲ. ಸ್ವೀಡನ್ನಿನ ಕಾರ್ಲ್‌ಸ್ಕೋಗಾ ಎಂಬ ಊರಿನವರು ಕಾರಿನ ರಸ್ತೆಗಿಂತ ಮೊದಲು ಕಾಲುದಾರಿ, ಸೈಕಲ್ ದಾರಿ, ಶಿಶುವಿಹಾರದ ಸುತ್ತ ತೆರವು ಮಾಡಲು ಶುರು ಮಾಡಿದರು. ನಡೆದು ಹೋಗುವವರಲ್ಲಿ ಹೆಂಗಸರೇ ಜಾಸ್ತಿ ಎಂದು ಅವರು ಗಮನಿಸಿದ್ದರು. ಕಾರು ನಾಲ್ಕು ಇಂಚು ಹಿಮದಲ್ಲಿ ಹೇಗೋ ಹೋಗುತ್ತದೆ. ಮಗುವಿನ ಗಾಡಿ ತಳ್ಳುವವರಿಗೆ ಅದೇ ನಾಲ್ಕು ಇಂಚು ದೊಡ್ಡ ಗೋಡೆ. ಮುಂದೆ ಸ್ಟಾಕ್‌ಹೋಮ್ ಕೂಡ ಈ ದಾರಿ ಹಿಡಿಯಿತು. 2016ರ ನವೆಂಬರಿನ ಭಾರಿ ಹಿಮದಲ್ಲಿ ಅಲ್ಲಿ ಎಲ್ಲವೂ ನಿಂತುಹೋಗಿ, ಈ ನೀತಿಯ ಮೇಲೇ ಟೀಕೆ ಬಂತು. ಇದನ್ನೂ ತಿಳಿದುಕೊಂಡು ಹೋಗಿ. ಸಭೆಯಲ್ಲಿ ಯಾರಾದರೂ ಎತ್ತಬಹುದು. ಸರದಿ ಬದಲಿಸಿದರೆ ಸಾಲದು, ಗಾಡಿ ಮತ್ತು ಜನ ಸಾಕಷ್ಟು ಇರಬೇಕು ಎಂದು ಆಗ ಹೇಳಿ.

ನಮಗೆ ಮೇ ತಿಂಗಳಲ್ಲಿ ಪತ್ರ ಬಂತು. ನೋಂದಣಿ ಶುರುವಾಯಿತು, ಅಜ್ಜಿಯ ಅರ್ಜಿ ನಾನೇ ತುಂಬಿದೆ. ಮುಂದಿನ ಚಳಿಯ ದೊಡ್ಡ ಹಿಮದಲ್ಲಿ ರಾತ್ರಿ 2:40ಕ್ಕೆ ಮಲಗುವ ಕೋಣೆಯ ಚಾವಣಿಯ ಮೇಲೆ ಹಳದಿ ದೀಪ ತಿರುಗಿತು. ಎದ್ದು ಕಿಟಕಿಯಿಂದ ನೋಡಿದೆ. ಗಾಡಿ ಬೀದಿಯ ತುದಿಯ ತನಕ ಹೋಗಿ ತಿರುಗಿಸಿಕೊಂಡು ಬಂತು. ಬೆಳಿಗ್ಗೆ ವ್ಯಾನ್ ಅಜ್ಜಿಯ ಬಾಗಿಲಿಗೇ ಬಂದು ನಿಂತಿತು.

ಬಸ್ ನಿಲ್ದಾಣದ ಬದು ಮಾತ್ರ ಐದು ದಿನ ಹಾಗೇ ಇತ್ತು. ಐದು ದಿನದ ಫೋಟೊಗಳೂ ಇವೆ, ಪ್ರತಿಯೊಂದರಲ್ಲೂ ನಿಲ್ದಾಣದ ಕಂಬ ಕಾಣುತ್ತದೆ. ಬಜೆಟ್ ಸಭೆ ಸೆಪ್ಟೆಂಬರಿನಲ್ಲಿ. ದಾಖಲೆಯ ಅರ್ಜಿ ಹೋದ ವಾರ ಹಾಕಿದ್ದೇನೆ.