ಕಾಫಿ ಕಣದಲ್ಲಿ ಮೇಷ್ಟ್ರ ಬೀಳ್ಕೊಡುಗೆ: ಗಾಡಿ ಬಳಗದವರು ಕೊಡಗಿನಲ್ಲಿ ಸೇರುವುದಾದರೆ

ಬೀಳ್ಕೊಡುಗೆ ಅಂದ ಕೂಡಲೇ ಶಾಲು, ಹಾರ, ಮೈಸೂರು ಪೇಟ, ಫಲಕ ಎಂದು ಚೀಟಿ ಬರೆಯುವವರು ಎಲ್ಲ ಬಳಗದಲ್ಲೂ ಇರುತ್ತಾರೆ. ಬೇಡ ಎನ್ನುವುದಿಲ್ಲ. ಹತ್ತು ನಿಮಿಷದಲ್ಲಿ ಮುಗಿಸಿಬಿಡಿ. ಆದರೆ ಎರಡು ದಿನವೂ ಮನುಷ್ಯರನ್ನು ಕುರ್ಚಿಯಲ್ಲಿ ಕೂರಿಸಿ, "ನೀವು ಏನೂ ಮುಟ್ಟಬೇಡಿ, ಇವತ್ತು ನೀವು ಅತಿಥಿ" ಎಂದರೆ ಅದು ಶಿಕ್ಷೆ. ನಮ್ಮದು ಗಾಡಿಮನೆಗಳ ಬಳಗ, ವ್ಯಾನಿನೊಳಗೇ ಮಲಗಿ, ಅಡುಗೆ ಮಾಡಿಕೊಂಡು ಸುತ್ತುವವರು. ಇಂಥ ಬಳಗದಲ್ಲಿ ವರ್ಷಗಟ್ಟಲೆ ಎಲ್ಲರ ಗಾಡಿಯ ಅಡಿಗೆ ಬಗ್ಗಿ ನೋಡಿದ ಹಿರಿಯರು ಅವರು. ಕೊನೆಯ ಸಲವೂ ಬಗ್ಗಲಿ. ಅವರ ಕೆಲಸ ಅವರ ಕೈಯಲ್ಲೇ ಇರಬೇಕು, ಹೋಗುವ ಮುಂಚೆ ಅದು ಇನ್ನೊಬ್ಬರ ಕೈಗೆ ಸೇರಬೇಕು. ಜಾಗ, ಹೊತ್ತು, ಊಟ ಎಲ್ಲವನ್ನೂ ಇದನ್ನು ನೋಡಿಕೊಂಡೇ ಗೊತ್ತು ಮಾಡಿ.

ನಮ್ಮ ಬಳಗದಲ್ಲಿ ಲೆಕ್ಕ, ಊಟ, ಜಾಗದ ಮಾತುಕತೆ ನನ್ನದು. ನಾನು ಕುಶಾಲನಗರದವಳು. ಹಾಗಾಗಿ ಕೊಡಗಿನಲ್ಲಿ ಸೇರುವುದು ಅಂದರೆ ಪೂರ್ತಿ ನನ್ನ ತಲೆ ಮೇಲೆ. ನಾವು ಕಳಿಸಿಕೊಟ್ಟಿದ್ದು ಮೇಷ್ಟ್ರನ್ನು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಬಳಗ ಶುರುವಾದಾಗಿನಿಂದ ಇದ್ದವರು. ರಾತ್ರಿ ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತದೆ, ಇನ್ನು ಸ್ಟೇರಿಂಗ್ ಸಾಕು ಎಂದು ಅವರೇ ಹೇಳಿದರು. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಜೊತೆಗೆ ಡಾಕ್ಟರ ಸರ್ಟಿಫಿಕೇಟೂ ಬೇಕು. ಮತ್ತೆ ಮಾಡಿಸುವುದಿಲ್ಲ ಎಂದರು. ಯಾರಾದರೂ ಹೀಗೆ ಹೇಳಿದರೆ ತಡ ಮಾಡಬೇಡಿ. ಲೈಸೆನ್ಸ್ ಇರುವಾಗಲೇ ದಿನ ಗೊತ್ತು ಮಾಡಿ. ಅವರು ತಮ್ಮ ಗಾಡಿಯನ್ನು ತಾವೇ ಓಡಿಸಿಕೊಂಡು ಬರಬೇಕು. ಮಗನ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಇಳಿಯುವುದು ಬೇರೆಯೇ ಥರ ಆಗುತ್ತದೆ.

ಕೊಡಗಿನಲ್ಲಿ ದಿನ ಹುಡುಕುವುದು ಸುಲಭ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಜಿಗಣೆ, ಕೆಸರು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಕುಸಿದಿದ್ದನ್ನು ನೋಡಿದವರು ಮಳೆಗಾಲದಲ್ಲಿ ದೊಡ್ಡ ಗಾಡಿ ಹತ್ತಿಸುವ ಮಾತೇ ಆಡುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ತನಕ ಕಾಫಿ ಕುಯ್ಲು, ಆಮೇಲೆ ಕರಿಮೆಣಸು. ಏಪ್ರಿಲ್, ಮೇ ತಿಂಗಳಲ್ಲಿ ರಜೆಯ ಜನ. ಹಲಸು ಹಣ್ಣಾಗುವ ಕಾಲವೂ ಅದೇ, ಆ ವಾಸನೆಗೆ ಆನೆ ತೋಟಕ್ಕೆ ಇಳಿಯುತ್ತದೆ. ಅಕ್ಟೋಬರ್ 17ರ ಆಸುಪಾಸಿನಲ್ಲಿ ತುಲಾ ಸಂಕ್ರಮಣ, ತಲಕಾವೇರಿ ದಾರಿ ತುಂಬಾ ಜನ. ಕೊಡವರ ಸುಗ್ಗಿ ಹಬ್ಬ ಪುತ್ತರಿಯ ವಾರದಲ್ಲಿ ತೋಟದವರೆಲ್ಲ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ ಹೋಗಿರುತ್ತಾರೆ, ಕೇಳಲೂ ಮುಜುಗರ. ಉಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಅರ್ಧದವರೆಗಿನ ದಿನಗಳು. ಅದರಲ್ಲೂ ದೀಪಾವಳಿ ರಜೆ ಬಿಟ್ಟುಬಿಡಿ. ಆಗಲೂ ಒಂದೊಂದು ಸಂಜೆ ಗುಡುಗು ಮಳೆ ಬರುತ್ತದೆ. ಟಾರ್ಪಾಲು ಇಟ್ಟುಕೊಂಡರೆ ಸಾಕು.

ಆ ದಿನಗಳನ್ನು ಹಿಡಿಯುವುದಕ್ಕೆ ಇನ್ನೊಂದು ಕಾರಣ ಕಣ. ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗ ನಮ್ಮ ಗಾಡಿಗಳಿಗೆ ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲ. ಗಟ್ಟಿ ನೆಲ, ಚಕ್ರ ಹೂಳುವುದಿಲ್ಲ, ಮೇಲೆ ಮರವಿಲ್ಲ. ತೋಟದೊಳಗೆ ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಿಸಿದರೆ ಮಾಡಿನ ಸೋಲಾರ್ ಸುಮ್ನೆ ಇದ್ದಂತೆ. ಕಣದಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು. ಕುಯ್ಲಿಗೆ ಮುಂಚೆ ಅದು ಖಾಲಿ ಇರುತ್ತದೆ.

ನಮಗೆ ಸುಂಟಿಕೊಪ್ಪದ ಒಳಗಿನ ಒಂದು ತೋಟದವರು ಕಣ ಕೊಟ್ಟರು. ತೋಟದವರಿಗೆ ಇರುವ ಹೆದರಿಕೆ ಒಂದೇ, ಎಣ್ಣೆ. ಕಾಫಿ ಬೀಜ ವಾಸನೆ ಹೀರಿಕೊಳ್ಳುತ್ತದೆ. ಕಣದ ಮೇಲೆ ಡೀಸೆಲ್ ತೊಟ್ಟಿಕ್ಕಿದರೆ ಮುಂದಿನ ತಿಂಗಳ ಕಾಫಿಗೆ ಅದು ತಗಲುತ್ತದೆ. ಆದ್ದರಿಂದ ಪ್ರತಿ ಗಾಡಿಯ ಇಂಜಿನ್ ಕೆಳಗೆ ದಪ್ಪ ರಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಸುತ್ತೇವೆ ಎಂದು ನೀವೇ ಮೊದಲು ಹೇಳಿ. ಬೆಂಕಿ ಹಾಕುವುದಾದರೆ ಕಣದ ಅಂಚಿನಾಚೆ, ಕಬ್ಬಿಣದ ಬಾಣಲೆಯಲ್ಲಿ ಎನ್ನಿ. ಸಿಮೆಂಟಿನ ಮೇಲೆ ಬೆಂಕಿ ಇಟ್ಟರೆ ಸಿಡಿಯುತ್ತದೆ. ಈ ಎರಡು ಮಾತು ಆಡಿದರೆ ಬಾಡಿಗೆಯ ಮಾತು ಸಲೀಸಾಗಿ ಮುಗಿಯುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳ ಎದುರು ಗಾಡಿ ನಿಲ್ಲಿಸಬೇಡಿ. ದುಡಿದು ಬಂದ ಜನ ಸಂಜೆ ಅಂಗಳದಲ್ಲಿ ಕೂರುತ್ತಾರೆ, ಅಲ್ಲಿ ನಮ್ಮ ಗಾಡಿ ಗೋಡೆ ಥರ ನಿಂತರೆ ಯಾರಿಗೆ ಇಷ್ಟ ಆಗುತ್ತದೆ?

ಆನೆ ವಿಚಾರ ಕೇಳಲೇಬೇಕು. ಕಾವಲುಗಾರರನ್ನೇ ಕೇಳಿ, ಆ ವಾರದ ಸುದ್ದಿ ಅವರಿಗೆ ಗೊತ್ತಿರುತ್ತದೆ. ಕತ್ತಲಾದ ಮೇಲೆ ಕಣ ಬಿಟ್ಟು ಯಾರೂ ಹೋಗಕೂಡದು. ಬಾಳೆಹಣ್ಣು, ಉಳಿದ ಅನ್ನ ಹೊರಗೆ ಇಡಕೂಡದು.

ತೋಟದ ರಸ್ತೆಯನ್ನು ಒಂದು ವಾರ ಮುಂಚೆ ನಡೆದು ನೋಡಿ. ಇದಕ್ಕೆ ಮೇಷ್ಟ್ರದ್ದೇ ಒಂದು ಉಪಾಯ ಇದೆ. ಬಳಗದ ಅತಿ ಎತ್ತರದ ಗಾಡಿಗಿಂತ ಅರ್ಧ ಅಡಿ ಹೆಚ್ಚು ಉದ್ದದ ಬಿದಿರು ಗಳ ಹಿಡಿದು ಒಬ್ಬರು ಮುಂದೆ ನಡೆಯಬೇಕು. ಗಳ ತಾಗಿದ ಕೊಂಬೆಗೆಲ್ಲ ಬಣ್ಣದ ದಾರ ಕಟ್ಟಬೇಕು. ತೋಟದವರು ಒಪ್ಪಿದರೆ ಸವರಿಸಬಹುದು, ನೆರಳಿಗೆ ಬೆಳೆಸುವ ಹಾಲುವಾಣದ ಕೊಂಬೆಗೆ ಅವರು ಇಲ್ಲ ಎನ್ನುವುದು ಕಡಿಮೆ. ವಿದ್ಯುತ್ ತಂತಿ ಜೋತುಬಿದ್ದಿದ್ದರೆ ಅಲ್ಲಿಗೆ ಗಳ ಒಯ್ಯಲೇಬೇಡಿ, ಆ ದಾರಿಯನ್ನೇ ಬಿಟ್ಟುಬಿಡಿ. ಹಸಿ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ.

ಗಳ ಹಿಡಿದಾಗಲೆಲ್ಲ ಮೇಷ್ಟ್ರು ಒಂದು ಕತೆ ಹೇಳುತ್ತಾರೆ. 1885ರಲ್ಲಿ ಬ್ರಿಟನ್ನಿನ ಗಾರ್ಡನ್ ಸ್ಟೇಬಲ್ಸ್ ಎಂಬ ಡಾಕ್ಟರು 'ವಾಂಡರರ್' ಎಂಬ ಗಾಡಿಮನೆ ಮಾಡಿಸಿಕೊಂಡರು. ಎಳೆಯುವುದಕ್ಕೆ ಎರಡು ಕುದುರೆ. ಮುಂದೆ ಅವರ ಆಳು ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗಿ ದಾರಿ ಬಿಡಿಸುತ್ತಿದ್ದ. ಆ ಗಾಡಿಯನ್ನು ನೋಡಿ ಹುಟ್ಟಿದ ಹುಚ್ಚು ದೊಡ್ಡದಾಗಿ 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ಬೇ ಆಯಿತು. ಬಳಗದ ಎಲ್ಲರಿಗೂ ಈ ಕತೆ ಬಾಯಿಪಾಠ. ಬೀಳ್ಕೊಡುಗೆಯಲ್ಲಿ ಇಂಥ ಕತೆಯನ್ನು ತಪ್ಪದೆ ಇನ್ನೊಂದು ಸಲ ಹೇಳಿಸಿ. "ಗೊತ್ತು ಮೇಷ್ಟ್ರೇ" ಎನ್ನುವವರನ್ನು ದೂರ ಕೂರಿಸಿ.

ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಎಲ್ಲರೂ ಕಣದಲ್ಲಿರಬೇಕು ಎಂದು ಹೇಳಿಬಿಡಿ. ಮೇಷ್ಟ್ರ ಕಣ್ಣಿಗಾಗಿ ಎಂದು ಮಾತ್ರ ಹೇಳಬೇಡಿ, ಆನೆಯ ಮೇಲೆ ಹಾಕಿ. ಮೈಸೂರು ಕಡೆಯಿಂದ ಬರುವವರು ಕುಶಾಲನಗರದಲ್ಲಿ ಡೀಸೆಲ್, ತರಕಾರಿ, ಕುಡಿಯುವ ನೀರಿನ ಕ್ಯಾನ್ ತೆಗೆದುಕೊಳ್ಳಿ. ಅಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಸುಂಟಿಕೊಪ್ಪ ಹೆಚ್ಚುಕಮ್ಮಿ ನಡುವೆ. ಟ್ಯಾಂಕಿಗೆ ನೀರು ಅರ್ಧ ತುಂಬಿದರೆ ಸಾಕು. 100 ಲೀಟರ್ ನೀರು ಅಂದರೆ 100 ಕಿಲೋ ಭಾರ, ಏರಿನಲ್ಲಿ ಅದನ್ನು ಯಾಕೆ ಹೊರುವುದು? ಮಂಗಳೂರು ಕಡೆಯವರು ಸಂಪಾಜೆ ಘಾಟಿ ಹತ್ತಿ ಬರಬೇಕು, ಅವರಿಗೆ ಒಂದು ಗಂಟೆ ಜಾಸ್ತಿ ಕೊಡಿ. ಎಲ್ಲ ಗಾಡಿಗಳೂ ಸಾಲಾಗಿ ಮೆರವಣಿಗೆ ಬರುವುದು ಬೇಡ. ಎರಡೆರಡು ಬನ್ನಿ, ಹಿಂದಿನ ಕಾರುಗಳಿಗೆ ದಾರಿ ಬಿಡಿ. ವಾಪಸ್ ಇಳಿಯುವಾಗ ಎರಡು, ಮೂರನೇ ಗೇರಿನಲ್ಲೇ ಇಳಿಯಿರಿ. ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಬಂದರೆ ಕಾದು ಹಿಡಿತ ಬಿಡುತ್ತದೆ.

ಕಣದಲ್ಲಿ ಮೇಷ್ಟ್ರ ಗಾಡಿ ಎಲ್ಲಿ ನಿಲ್ಲಬೇಕು? ನಮ್ಮಲ್ಲಿ ಇದಕ್ಕೇ ಜಗಳ ಆಯಿತು. ನಟ್ಟನಡುವೆ, ಹೂ ಕಟ್ಟಿ ಎಂದು ಕೆಲವರು. ನಾನು ಬೇಡ ಎಂದೆ. ಅವರು ಯಾವತ್ತೂ ಗೇಟಿನ ಪಕ್ಕ ನಿಲ್ಲಿಸುವವರು, ಬಂದವರಿಗೆ ಕೈ ತೋರಿಸಿ ಜಾಗ ಹೇಳುವವರು. ಅಲ್ಲೇ ನಿಲ್ಲಿಸಿದರು, ಕೈಯೂ ತೋರಿಸಿದರು.

ಈಗ ಮುಖ್ಯವಾದ ಕೆಲಸ, ರಾತ್ರಿ ರೌಂಡ್. ನಿಮ್ಮ ಹಿರಿಯರ ಕೆಲಸ ಬೇರೆ ಇರಬಹುದು, ಅಡುಗೆಯೋ, ದಾರಿ ಹುಡುಕುವುದೋ. ಮೇಷ್ಟ್ರದ್ದು ಇದು. ಎಲ್ಲರೂ ಮಲಗುವ ಮುಂಚೆ ಟಾರ್ಚ್ ಹಿಡಿದು ಪ್ರತಿ ಗಾಡಿಗೆ ಹೋಗುವುದು. ಇದನ್ನು ಯಾರು ವಹಿಸಿಕೊಳ್ಳುತ್ತಾರೆ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಸ್ಟೇಜಿನಲ್ಲಿ ಹೆಸರು ಕೂಗಿ ಒಪ್ಪಿಸಬೇಡಿ. ನಾವು ಹಾಸನದ ಹುಡುಗನೊಬ್ಬನನ್ನು ಆರಿಸಿದೆವು. ವೈರಿಂಗ್ ಕೆಲಸ ಗೊತ್ತಿರುವವನು, ಮಾತು ಕಡಿಮೆ. ಶುಕ್ರವಾರ ರಾತ್ರಿ ಮೇಷ್ಟ್ರು ಮುಂದೆ, ಅವನು ಹಿಂದೆ. ಶನಿವಾರ ಅವನು ಮುಂದೆ, ಮೇಷ್ಟ್ರು ಹಿಂದೆ.

ಅವರು ಮೊದಲು ನೋಡುವುದು ಚಕ್ರ. ಕಣಕ್ಕೆ ನೀರು ಹರಿಯಲೆಂದು ಸ್ವಲ್ಪ ಇಳಿಜಾರು ಇಟ್ಟಿರುತ್ತಾರೆ. ಕಣ್ಣಿಗೆ ಕಾಣದಿದ್ದರೂ ಗಾಡಿಗೆ ಗೊತ್ತಾಗುತ್ತದೆ. ಇಳಿಜಾರಿನ ಕಡೆಯ ಚಕ್ರಕ್ಕೆ ಮರದ ತುಂಡು ಕೊಟ್ಟಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಮೂತಿ ಮೇಲಿದ್ದರೆ ಮೊದಲ ಗೇರು, ಕೆಳಗಿದ್ದರೆ ರಿವರ್ಸ್ ಗೇರು ಹಾಕಿರಬೇಕು. ಮಟ್ಟ ಮಾಡಲು ಚಕ್ರದಡಿ ಹಲಗೆ ಇಟ್ಟಿದ್ದರೆ ತಲೆ ಎತ್ತರದ ಕಡೆ ಇಟ್ಟು ಮಲಗಿ.

ಆಮೇಲೆ ಗ್ಯಾಸ್. ಸಿಲಿಂಡರ್ ವಾಲ್ವ್ ತಿರುಗಿಸಿ ನೋಡುತ್ತಾರೆ, ನೀವು ಮುಚ್ಚಿದ್ದೇನೆ ಎಂದರೂ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಇರುವ ಪೆಟ್ಟಿಗೆಯ ತಳದಲ್ಲಿ ತೂತು ಇರುವುದು. ಇರುವೆ ಬರುತ್ತದೆ ಎಂದು ಅದಕ್ಕೆ ಬಟ್ಟೆ ತುರುಕುವವರು ಇದ್ದಾರೆ. ಮೇಷ್ಟ್ರು ಬೆರಳು ಹಾಕಿ ನೋಡುತ್ತಾರೆ. ರಬ್ಬರ್ ಪೈಪಿನ ಮೇಲಿನ ವರ್ಷ ಓದುತ್ತಾರೆ, ಐದು ವರ್ಷ ದಾಟಿದ್ದರೆ ಬೆಳಗ್ಗೆ ತಿಂಡಿಯ ಹೊತ್ತಿಗೆ ಎಲ್ಲರೆದುರು ಹೇಳುತ್ತಾರೆ.

ಮೂರನೆಯದು ಕಿಟಕಿ. ನವೆಂಬರ್ ರಾತ್ರಿ ಚಳಿ ಇರುತ್ತದೆ, ಜನ ಎಲ್ಲ ಮುಚ್ಚಿಕೊಂಡು ಮಲಗುತ್ತಾರೆ. ಒಂದು ಕಿಟಕಿ ಎರಡು ಬೆರಳು ತೆರೆದಿರಬೇಕು. ಅಗ್ಗಿಷ್ಟಿಕೆ, ಕೆಂಡದ ಬಾಣಲೆ ಯಾವುದೇ ಕಾರಣಕ್ಕೂ ಗಾಡಿಯೊಳಗೆ ಬರಕೂಡದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಈ ಒಂದು ವಿಷಯದಲ್ಲಿ ಮೇಷ್ಟ್ರು ಬೈದೇ ಬೈಯುತ್ತಾರೆ, ಹುಡುಗನೂ ಬೈಯಲು ಕಲಿಯಬೇಕು ಎಂದರು.

ಕೊನೆಗೆ ಬ್ಯಾಟರಿ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,200 ವಾಟ್-ಅವರ್. ಎರಡು ಸಾವಿರ ವಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಅರ್ಧ ಗಂಟೆಗೆ ಖಾಲಿ. ಫ್ರಿಜ್, ಫ್ಯಾನು, ಲೈಟಿಗೆ ಬಿಡಿ, ಅಡುಗೆಗೆ ಗ್ಯಾಸ್ ಬಳಸಿ. ತೋಟದ ಪಂಪ್‌ಹೌಸಿನಿಂದ ಕೇಳದೆ ವೈರ್ ಎಳೆಯುವುದು ಬೇಡ.

ಶನಿವಾರ ರಾತ್ರಿ ಹುಡುಗ ನೋಡುತ್ತಾ ಹೋದ. ನಾವು ಅಮ್ಮ ಎಂದು ಕರೆಯುವ ಮೇಷ್ಟ್ರ ಹೆಂಡತಿ, "ರೀ, ನೀವು ಬಾಯಿ ತೆಗೆಯಬಾರದು" ಎಂದು ಮೊದಲೇ ಹೇಳಿದ್ದರು. ಮೇಷ್ಟ್ರು ಮೂರನೇ ಗಾಡಿಯ ತನಕ ತಡೆದುಕೊಂಡರು. ಆಮೇಲೆ, "ತೂತು ನೋಡಿದೆಯೇನಪ್ಪಾ?" ಅಂದರು. "ನೋಡಿದೆ ಸಾರ್, ಬಟ್ಟೆ ಇತ್ತು, ತೆಗೆದೆ" ಅಂದ. ಯಾರ ಗಾಡಿ ಎಂದು ಬರೆಯುವುದಿಲ್ಲ.

ಊಟ ನೀವೇ ಬೇಯಿಸಲು ಹೋಗಬೇಡಿ. ಒಂದು ಊಟವನ್ನಾದರೂ ಅಲ್ಲಿಯ ಮನೆಯವರ ಕೈಯಲ್ಲಿ ಮಾಡಿಸಿ. ನಾವು ಶನಿವಾರ ಮಧ್ಯಾಹ್ನ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಪಂದಿ ಕರಿ (ಹಂದಿ ಮಾಂಸದ್ದು), ಕೋಳಿ ಕರಿ, ಸೊಪ್ಪು ತಿನ್ನುವವರಿಗೆ ಕುಂಬಳಕಾಯಿ ಕರಿ ಹೇಳಿದ್ದೆವು. ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿ ನಿಧಾನ ಬೇಯಿಸುವ ಪಂದಿ ಕರಿಯನ್ನು ಗಾಡಿಯ ಒಲೆಯಲ್ಲಿ ಮಾಡಲು ಹೋದರೆ ಅರ್ಧ ಸಿಲಿಂಡರ್ ಅದಕ್ಕೇ ಹೋಗುತ್ತದೆ. ಬೆಳಗ್ಗೆಗೆ ಅಕ್ಕಿ ಒಟ್ಟಿ (ರೊಟ್ಟಿ), ಎಳ್ಳು ಪಜ್ಜಿ (ಚಟ್ನಿ). ವಾಲಗ ಕರೆಸೋಣ ಎಂದು ಯಾರಾದರೂ ಹೇಳುತ್ತಾರೆ. ಕರೆಸಿ, ಹಗಲಲ್ಲಿ. ಊಟ ಆದ ಮೇಲೆ ಕಣದಲ್ಲೇ ಕುಣಿಯಲಿ. ಮೇಷ್ಟ್ರು ಕುಣಿದರು, ಚೆನ್ನಾಗಿ ಅಲ್ಲ. ಶಾಲು ಆಗಲೇ ಹೊದಿಸಿಬಿಟ್ಟೆವು. ಬೆವೆತಿದ್ದರು, ತಕ್ಷಣ ತೆಗೆದರು. ಭಾಷಣ ಬೇಡ ಎಂದಿದ್ದೆ. ಆದರೂ ಇಬ್ಬರು ಮಾಡಿದರು.

ಸುತ್ತಾಟಕ್ಕೆ ಎಲ್ಲ ಗಾಡಿ ತೆಗೆಯಬೇಡಿ. ಭಾಗಮಂಡಲ, ತಲಕಾವೇರಿ ನೋಡಬೇಕು ಎನ್ನುವವರು ಬೆಳಗ್ಗೆ ಬಸ್ಸಿಗೋ ಜೀಪಿಗೋ ಹೋಗಿ ಬರಲಿ. ಗಾಡಿಯ ಶೌಚದ ಪೆಟ್ಟಿಗೆಯನ್ನು ತೋಟದಲ್ಲಿ, ತೋಡಿನಲ್ಲಿ ಖಾಲಿ ಮಾಡಬೇಡಿ. ಇಲ್ಲಿಯ ನೀರು ಕಾವೇರಿಗೆ ಸೇರುತ್ತದೆ. ಒಪ್ಪಿಗೆ ಕೇಳಿ ಸೆಪ್ಟಿಕ್ ಟ್ಯಾಂಕ್ ಇರುವ ಕಕ್ಕಸಿಗೆ ಸುರಿಯಿರಿ. ಆ ಪೆಟ್ಟಿಗೆಗೆ ಔಷಧಿ ಕಡಿಮೆ ಹಾಕಿ, ಜಾಸ್ತಿಯಾದರೆ ಸೆಪ್ಟಿಕ್ ಟ್ಯಾಂಕಿನ ಕೆಲಸ ಕೆಡುತ್ತದೆ.

ಭಾನುವಾರ ಬೆಳಗ್ಗೆ ಕಾಗದ ಪತ್ರ. ಮೇಷ್ಟ್ರ ಗಾಡಿಯನ್ನು ನಮ್ಮಲ್ಲೇ ಒಬ್ಬರು ಕೊಂಡರು. ಹಾಗಾದರೆ ಎಲ್ಲರೂ ಇರುವಾಗಲೇ ಸಹಿ ಮುಗಿಸಿ, ಆಮೇಲೆ ಕೊರಿಯರ್ ಓಡಾಟ ತಪ್ಪುತ್ತದೆ. ಮೊದಲು ಆರ್‌ಸಿ ನೋಡಿ. ಸಾಮಾನ್ಯ ವ್ಯಾನ್ ಕೊಂಡು ಒಳಗೆ ಬದಲಾಯಿಸಿದ್ದರೆ ಅದಕ್ಕೆ ಆರ್‌ಟಿಒ ಒಪ್ಪಿಗೆ ಇರಬೇಕು, ಆರ್‌ಸಿಯಲ್ಲೂ ಬಂದಿರಬೇಕು. ಇಲ್ಲದಿದ್ದರೆ ಕೊಳ್ಳುವವರಿಗೆ ಮುಂದೆ ವಿಮೆಯಲ್ಲಿ ತಕರಾರು. ಮಾರಾಟ ತಿಳಿಸುವ ಫಾರಂ 29ಕ್ಕೆ ಮಾರಿದವರ ಸಹಿ, ಹೆಸರು ಬದಲಾಯಿಸುವ ಫಾರಂ 30ಕ್ಕೆ ಇಬ್ಬರ ಸಹಿ ಬೇಕು. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರೂ 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲು ಅರ್ಜಿ ಹಾಕಬೇಕು.

ಎಲ್ಲರೂ ಮರೆಯುವುದು ಫಾಸ್ಟ್ಯಾಗ್. ಅದು ಹಳೆಯ ಮಾಲೀಕರ ಖಾತೆಗೇ ಅಂಟಿರುತ್ತದೆ. ಗಾಜಿನಿಂದ ಕಿತ್ತರೆ ಸಾಲದು, ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಬೇಕು. ಇಲ್ಲದಿದ್ದರೆ ಹೊಸಬರು ಗಣಂಗೂರು ಟೋಲ್ ದಾಟಿದಾಗಲೆಲ್ಲ ದುಡ್ಡು ಮೇಷ್ಟ್ರದ್ದು ಹೋಗುತ್ತದೆ, ಮೆಸೇಜೂ ಅವರ ಫೋನಿಗೇ. ಇದನ್ನು ಹೇಳಿದರೆ ಮೇಷ್ಟ್ರು, "ಇರಲಿ ಬಿಡಮ್ಮ, ಗಾಡಿ ಎಲ್ಲೆಲ್ಲಿ ಹೋಯ್ತು ಅಂತಾದರೂ ಗೊತ್ತಾಗುತ್ತೆ" ಎಂದರು. ನಾನು ಒಪ್ಪಲಿಲ್ಲ. ಅಲ್ಲೇ ಅವರ ಕೈಯಲ್ಲಿ ಬ್ಯಾಂಕಿಗೆ ಫೋನ್ ಮಾಡಿಸಿದೆ.