ಸುರಂಗದ ಒಳಹೋಗದೆ ಬಾವಲಿ ಎಣಿಸುವ ಕ್ರಮ

ಮಂಗಳೂರಿನಿಂದ ಪೂರ್ವಕ್ಕೆ, ಬಂಟ್ವಾಳದ ಕಡೆಯ ಅಡಿಕೆ ತೋಟಗಳಲ್ಲಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ನೀರಿನ ಸುರಂಗಗಳಿವೆ. ಕತ್ತಲೆ, ತೇವ, ವರ್ಷವಿಡೀ ಹೆಚ್ಚು ಏರಿಳಿಯದ ಉಷ್ಣತೆ ಇವೆಲ್ಲ ಒಂದೇ ಕಡೆ ಸಿಗುವುದರಿಂದ ಗುಹಾವಾಸಿ ಬಾವಲಿಗಳು ಹಳೆಯ ಸುರಂಗಗಳನ್ನೂ ಗುಹೆಯೆಂದೇ ಬಗೆದು ನೆಲೆಸುತ್ತವೆ. ಪ್ರಾಣಿಶಾಸ್ತ್ರದ ಅಧ್ಯಾಪಕನಾದ ನಾನು ಬಿಡುವಿದ್ದಾಗ ಇವುಗಳ ಲೆಕ್ಕ ಇಡುತ್ತೇನೆ. ಒಳಗೆ ಕಾಲಿಡಬಾರದು ಎಂಬುದು ನಾನೇ ಹಾಕಿಕೊಂಡ ಕಟ್ಟುಪಾಡು.

ಅದಕ್ಕೆ ಕಾರಣ ಕ್ಯೂಬಾ ದ್ವೀಪದ ಒಂದು ಬಾವಲಿ. ನಟಾಲಸ್ ಪ್ರೈಮಸ್ ಎಂಬ ಆ ಪ್ರಭೇದವನ್ನು 1919ರಲ್ಲಿ ಹೆರಾಲ್ಡ್ ಆಂಥೊನಿ ವಿವರಿಸಿದ್ದು ಹಳೆಯ ಎಲುಬುಗಳ ಆಧಾರದ ಮೇಲೆ. ಅಳಿದೇಹೋಗಿದೆ ಎಂದು ಭಾವಿಸಲಾಗಿದ್ದ ಅದು 1992ರಲ್ಲಿ ದ್ವೀಪದ ಪಶ್ಚಿಮ ತುದಿಯಲ್ಲಿರುವ ಲಾ ಬಾರ್ಕಾ ಗುಹೆಯಲ್ಲಿ ಜೀವಂತವಾಗಿ ಸಿಕ್ಕಿತು. ಅದು ನೆಲೆಸಿರುವುದಾಗಿ ತಿಳಿದಿರುವುದು ಆ ಒಂದು ಗುಹೆಯಲ್ಲಿ ಮಾತ್ರ. ಬಾವಲಿಗಳ ಮೈಬಿಸಿಯೇ ಸೇರಿ ಬೆಚ್ಚಗಾಗುವ ಇಂಥ ಗುಹೆಗಳಲ್ಲಿ ಬಾಯಿ ಅಗಲವಾದರೆ ಬಿಸಿಯೂ ತೇವವೂ ಹೊರಗೆ ಸೋರಿ, ಇರುವ ಒಂದೇ ನೆಲೆಯೂ ಕೆಡಬಹುದು. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ರಾಜ್ಯದಲ್ಲೇ ಕೋಲಾರದ ಹನುಮನಹಳ್ಳಿಯ ಎಲೆಮೂಗಿನ ಬಾವಲಿ ಇದೆ. 1994ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ ಅದಕ್ಕೂ ಉಳಿದಿರುವುದು ಒಂದೇ ಗುಹೆ, ಸುತ್ತ ಗ್ರಾನೈಟ್ ಗಣಿಗಾರಿಕೆಯ ಬೆದರಿಕೆ. ನಮ್ಮ ಸುರಂಗಗಳ ಬಾವಲಿಗಳು ಅಷ್ಟು ವಿರಳವಲ್ಲ, ನಿಜ. ಆದರೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ ಕುದುರೆಲಾಳ ಬಾವಲಿಯನ್ನು ಬೇಸಿಗೆಯಲ್ಲಿ ಟಾರ್ಚ್ ಹಿಡಿದು ಎಬ್ಬಿಸಿದರೆ ಗಾಬರಿಯಲ್ಲಿ ಎದೆಗಂಟಿದ ಮರಿ ಕೆಳಗೆ ಬೀಳಬಹುದು, ಕೆಳಗಿರುವುದೋ ನೀರು.

ಆದ್ದರಿಂದ ಎಣಿಕೆ ನಡೆಯುವುದು ಸುರಂಗದ ಬಾಯಿಯಲ್ಲಿ, ಮುಸ್ಸಂಜೆಗೆ. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಅವು ಹಾರುವ ದಾರಿಗೆ ಅಡ್ಡವಾಗದಂತೆ ಒಂದು ಪಕ್ಕದಲ್ಲಿ, ತಗ್ಗಿನಲ್ಲಿ ಕೂರುತ್ತೇನೆ. ಅಲ್ಲಿಂದ ನೋಡಿದರೆ ಹೊರಬೀಳುವ ಪ್ರತಿಯೊಂದು ಬಾವಲಿಯೂ ಬೆಳಕಿರುವ ಆಕಾಶಕ್ಕೆ ಎದುರಾಗಿ ಕಪ್ಪಾಗಿ ಕಾಣುತ್ತದೆ. ಮೊದಲು ಕೆಲವು ಬಾಯಿಯ ಒಳಗಡೆಯೇ ಸುತ್ತುಹೊಡೆದು, ಹೊರಬಂದು, ಮತ್ತೆ ಒಳಗೆ ನುಗ್ಗುತ್ತವೆ. ಎಣಿಕೆಯ ಕಷ್ಟವೆಲ್ಲ ಇಲ್ಲೇ. ಬಲಗೈಯ ಎಣಿಕೆಯಂತ್ರ ಹೊರಬರುವವಕ್ಕೆ, ಎಡಗೈಯದ್ದು ಒಳಹೋಗುವವಕ್ಕೆ; ಎರಡರ ವ್ಯತ್ಯಾಸವನ್ನು ಐದೈದು ನಿಮಿಷಕ್ಕೆ ಪುಸ್ತಕದಲ್ಲಿ ಬರೆಯುವುದು ಜೊತೆಗಿರುವ ವಿದ್ಯಾರ್ಥಿಯ ಕೆಲಸ. ಅದೇ ಹೊತ್ತಿಗೆ ಮುಕ್ಕಾಲಿಯ ಮೇಲಿನ ಕ್ಯಾಮೆರಾ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ದೀಪದಲ್ಲಿ ಚಿತ್ರೀಕರಿಸುತ್ತಿರುತ್ತದೆ. ಮನೆಯಲ್ಲಿ ನಿಧಾನಗತಿಯಲ್ಲಿ ನೋಡಿ ತಾಳೆ ಹಾಕಿದರೆ, ಗುಂಪಾಗಿ ಹೊರಟ ಹೊತ್ತಿನ ಲೆಕ್ಕ ಸರಿಹೋಗುತ್ತದೆ.

ಯಾವ ಬಾವಲಿ ಎಂಬುದನ್ನು ಕಿವಿ ಹೇಳದು, ಬಾವಲಿಯ ಸದ್ದು ಹಿಡಿಯುವ ಡಿಟೆಕ್ಟರ್ ಹೇಳುತ್ತದೆ. ರೌಕ್ಸ್ ಕುದುರೆಲಾಳ ಬಾವಲಿಯ ಸ್ವರ ಸುಮಾರು 80ರಿಂದ 95 ಕಿಲೋಹರ್ಟ್ಸ್ ನಡುವೆ, ಷ್ನೈಡರ್ ಎಲೆಮೂಗಿನದು 120ಕ್ಕೂ ಮೇಲೆ. ಮನುಷ್ಯನ ಕಿವಿ 20ಕ್ಕೇ ನಿಲ್ಲುತ್ತದೆ. ಡಿಟೆಕ್ಟರನ್ನು ಒಂದೊಂದು ಮಟ್ಟಕ್ಕೆ ತಿರುಗಿಸಿದಂತೆ ಆಯಾ ಬಾವಲಿಯಷ್ಟೇ ಕೇಳಿಸುತ್ತದೆ.

ತೋಟದವರ ಅಹವಾಲು ಬೇರೆ. "ಮಾಸ್ಟ್ರೇ, ನಿಮ್ಮ ಲೆಕ್ಕ ಎಂತದ್ದೂ ಇರ್ಲಿ, ಕುಡಿಯುವ ನೀರಿಗೆ ಹಿಕ್ಕೆ ಬೀಳ್ತದಲ್ಲ?" ಎಂದು ಒಬ್ಬ ಹಿರಿಯರು ಕೇಳಿದರು, ಸುರಂಗದ ನೀರು ಹರಿಸುವ ದಂಬೆಯ ತುದಿಗೆ ಅವರು ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅಂಟಿದ್ದ ಕಪ್ಪು ಕಾಳುಗಳನ್ನು ತೋರಿಸುತ್ತಾ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಬಾವಲಿ ಇರುವ ಸುರಂಗದ ನೀರನ್ನು ತೋಟಕ್ಕೆ ಬಿಟ್ಟು, ಕುಡಿಯಲು ಬೇರೆ ಮೂಲವನ್ನು ಇಟ್ಟುಕೊಳ್ಳುವುದು, ಅನಿವಾರ್ಯವಾದರೆ ಸೋಸಿ ಚೆನ್ನಾಗಿ ಕುದಿಸುವುದು ಸರಿಯೆಂದೆ. ಮಕ್ಕಳು ಒಳಹೋಗದಂತೆ ಬಾಯಿಗೆ ಬಲೆ ಬಿಗಿಯುವ ಯೋಚನೆ ಅವರಿಗಿತ್ತು. ಬಲೆಯ ಬದಲು ಅಡ್ಡಡ್ಡಲಾಗಿ ಕಬ್ಬಿಣದ ಸರಳು, ಎರಡು ಸರಳಿನ ನಡುವೆ ಸುಮಾರು 15 ಸೆಂಟಿಮೀಟರ್ ಅಂತರ ಎಂದು ಸೂಚಿಸಿದೆ. ಅದೂ ಎಲ್ಲ ಬಾವಲಿಗೆ ಒಗ್ಗದು, ದೊಡ್ಡ ಹಣ್ಣುಬಾವಲಿಗಳು ಸರಳು ಕಂಡು ನೆಲೆಯನ್ನೇ ಬಿಡಬಹುದು. ಹಾಗಾಗಿ ಮೊದಲು ಬಿದಿರಿನ ಗಳಗಳನ್ನು ಕಟ್ಟಿ, ಅದರ ಹಿಂದಿನ ಮತ್ತು ಮುಂದಿನ ಸಂಜೆಗಳ ಎಣಿಕೆಯನ್ನು ಹೋಲಿಸಿದ ಮೇಲಷ್ಟೇ ಕಬ್ಬಿಣಕ್ಕೆ ಕೈಹಾಕುವುದೆಂದು ಒಪ್ಪಿಕೊಂಡಿದ್ದೇವೆ.